ಮೂರನೆಯ ರಿಬ್ಬನ್ನು

ಬಟ್ಟೆ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಬಣ್ಣ ಬೆರೆಸಿ ನಿವೃತ್ತರಾದವರಿಗೆ ಲೋಕದಲ್ಲಿ ಕಲಿಯುವುದಕ್ಕೆ ಇನ್ನೇನೂ ಉಳಿದಿರುವುದಿಲ್ಲ. ಕಡೇಪಕ್ಷ ನಮ್ಮ ಬಣ್ಣದ ಸಾಹೇಬರಿಗೆ ಹಾಗನ್ನಿಸಿತ್ತು. (ಈ ಬಿರುದು ಮಿಲ್ಲಿನವರು ದಯಪಾಲಿಸಿದ್ದು. ಮನೆಯಲ್ಲಿ ಅವರಿಗಿದ್ದ ಬಿರುದು "ರೀ" ಎಂಬುದೊಂದೇ.) ತೀರಿಹೋದ ಮಾವನವರ ಪದಕಗಳ ರಿಬ್ಬನ್ ಪಟ್ಟಿಯನ್ನು ಅವರ ಹಳೆಯ ಪಲ್ಟನ್ನಿನವರು ತಮ್ಮ ಸಭಾಂಗಣದಲ್ಲಿ ಇಡಲು ಕೇಳಿದ್ದರು. ಯಾವ ರಿಬ್ಬನ್ನು ಯಾವ ಪದಕದ್ದೆಂದು ಮನೆಯವರೇ ಬರೆದುಕೊಡಬೇಕಂತೆ. ಹೆಂಡತಿ ಇದನ್ನು ಹೇಳಿದಾಗ ಸಾಹೇಬರು ಪತ್ರಿಕೆಯಿಂದ ತಲೆಯನ್ನೂ ಎತ್ತಲಿಲ್ಲ.

"ಭಾನುವಾರ ತಾನೇ ಅವರು ಬರೋದು? ನನಗೆ ಬಿಡು. ಇದು ಬಣ್ಣದ ವಿಷಯ."

"ತಪ್ಪಾಗಬಾರದು ಕಣ್ರೀ. ಅಪ್ಪನ ಹೆಸರು ಗೋಡೆ ಮೇಲಿರುತ್ತೆ, ದಿನಾ ನೂರು ಜನ ಸಿಪಾಯಿಗಳು ನೋಡ್ತಾರೆ. ಇಲ್ಲದ ಪದಕ ಹಾಕ್ಕೊಂಡಿದ್ದರು ಅಂತ ಒಬ್ಬರು ಅಂದರೂ ನಾನು ತಡ್ಕೊಳ್ಳಲ್ಲ. ಒಂದು ಸಲ ಅಮ್ಮನ್ನ ಕೇಳಿ."

"ನಿಮ್ಮಮ್ಮನಿಗೆ ಸೈನ್ಯದ ವಿಷಯ ಏನು ಗೊತ್ತು?" ಎಂದರು ಸಾಹೇಬರು. ಅತ್ತೆಯವರು ಕರ್ನಲ್ ಒಬ್ಬರ ಜೊತೆ ನಲವತ್ತೆಂಟು ವರ್ಷ ಬಾಳಿದವರೆಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಾಗಲಿಲ್ಲ.

ನಿಜ ಹೇಳಬೇಕೆಂದರೆ, ಸಾಹೇಬರಿಗೂ ಮಾವನವರಿಗೂ ಒಂದು ಹಳೆಯ ಲೆಕ್ಕ ಬಾಕಿಯಿತ್ತು. ಮಾವ ಕೊನೆಯವರೆಗೂ ಅವರನ್ನು "ಸಿವಿಲಿಯನ್" ಎಂದೇ ಕರೆದರು, ಅದೂ ಜ್ವರಕ್ಕೆ ಹೆಸರಿಡುವ ಡಾಕ್ಟರ ದನಿಯಲ್ಲಿ. ಮದುವೆಯಲ್ಲಿ ಸಾಹೇಬರು ತಾವೇ ಬಣ್ಣ ಬೆರೆಸಿ ನೇಯಿಸಿದ ಗೀಟಿನ ಟೈ ಒಂದನ್ನು ಉಡುಗೊರೆ ಕೊಟ್ಟಿದ್ದರು. ಅದು ಅವರ ಸ್ವಂತ ಬುದ್ಧಿಯ ಮೊದಲ ಬೆರಕೆ. ಮಾವ "ಹೂಂ" ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ಕೊರಳಲ್ಲಿ ಅದನ್ನು ಸಾಹೇಬರು ಕಾಣಲೇ ಇಲ್ಲ. ಅಳಿಯನ ಹೊಟ್ಟೆಯಲ್ಲಿ ಆ ಟೈ ಮೂವತ್ತು ವರ್ಷ ಹಾಗೆಯೇ ಗಂಟುಬಿದ್ದು ಕೂತಿತ್ತು.

ಊಟದ ಮೇಜು ಪ್ರಯೋಗಶಾಲೆಯಾಯಿತು. ಭೂತಗನ್ನಡಿ, ಟೇಬಲ್ ಲ್ಯಾಂಪು, ಅಳತೆಪಟ್ಟಿ, ಗ್ರಂಥಾಲಯದಿಂದ ಹೊತ್ತು ತಂದ ಪದಕಗಳ ಪುಸ್ತಕ ಎಲ್ಲ ಬಂದವು. ಮನೆಯವರು ನಾಲ್ಕು ದಿನ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಪದಕಗಳು ಯಾವುದೋ ವರ್ಗಾವಣೆಯಲ್ಲಿ ಪೆಟ್ಟಿಗೆ ಸಮೇತ ಕಳೆದುಹೋಗಿ, ಸಮವಸ್ತ್ರದ ಎದೆಗೆ ಚುಚ್ಚಿಕೊಳ್ಳುವ ಪಟ್ಟಿಯೊಂದು ಮಾತ್ರ ಉಳಿದಿತ್ತು. ಅದರ ಮೇಲೆ ಬೆರಳಗಲದ ಆರು ತುಂಡುಗಳನ್ನು ಒತ್ತೊತ್ತಾಗಿ ಹೊಲಿದಿದ್ದರು.

ಐದು ರಿಬ್ಬನ್ನುಗಳು ಎರಡೇ ದಿನದಲ್ಲಿ ಶರಣಾದವು. ಒಂದು ಯುದ್ಧದ್ದು, ಒಂದು ಗಾಯದ್ದು, ಒಂದು ಪ್ರವಾಹದಲ್ಲಿ ಜನರನ್ನು ಕಾಪಾಡಿದ್ದು, ಉಳಿದೆರಡು ಸೇವೆಯವು. ಮೂರನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಂದು ನೆಲ, ಎರಡು ಹಳದಿ ಗೀಟು, ನಡುವೆ ನೀಲಿ. ಪುಸ್ತಕದ ಮುನ್ನೂರು ಪುಟಗಳಲ್ಲಿ ಅಂಥ ರಿಬ್ಬನ್ನೇ ಇರಲಿಲ್ಲ.

"ಬಣ್ಣ ಮಾಸಿರಬಹುದಲ್ವಾ?" ಎಂದಳು ಹೆಂಡತಿ.

"ಪಕ್ಕದ ಐದೂ ಮಾಸಿಲ್ಲ. ಅದೇ ಬಿಸಿಲು, ಅದೇ ಬೀರು. ಇದೊಂದೇ ಯಾಕೆ ಮಾಸುತ್ತೆ? ಇದಕ್ಕೆ ತರ್ಕ ಅಂತಾರೆ."

"ಅಳಿಯಂದಿರೇ, ಆ ಮೂರನೇದು ಇದೆಯಲ್ಲ..." ಎಂದು ಅತ್ತೆ ಬಾಗಿಲಲ್ಲಿ ನಿಂತು ಶುರುಮಾಡಿದರು.

"ಅತ್ತೆ, ಇದು ತಾಂತ್ರಿಕ ವಿಚಾರ. ನೀವು ವಿಶ್ರಾಂತಿ ತಗೊಳ್ಳಿ."

ಅತ್ತೆ ವಿಶ್ರಾಂತಿ ತೆಗೆದುಕೊಂಡರು. ಶನಿವಾರ ಸಂಜೆ ಸಾಹೇಬರು ತೀರ್ಪು ಬರೆದರು: ಪುಸ್ತಕದಲ್ಲಿ ಇಲ್ಲ ಎಂದಮೇಲೆ ಈ ದೇಶದ್ದಲ್ಲ, ಈ ದೇಶದ್ದಲ್ಲ ಎಂದಮೇಲೆ ಹೊರಗಿನದು. ದಪ್ಪ ಕಾಗದದ ಮೇಲೆ ದುಂಡಗೆ "ಮಿತ್ರರಾಷ್ಟ್ರವೊಂದು ಕೊಟ್ಟ ಅತ್ಯಪೂರ್ವ ಗೌರವ" ಎಂದು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದರು.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಪಲ್ಟನ್ನಿನಿಂದ ಬಂದ ಕ್ಯಾಪ್ಟನ್ ಇಸ್ತ್ರಿ ಮಾಡಿದ ಸಮವಸ್ತ್ರದ ಒಬ್ಬ ಹೆಣ್ಣುಮಗಳು. ಚೀಟಿ ಓದಿ ಆಕೆ ಹುಬ್ಬು ಗಂಟಿಕ್ಕಿದಳು.

"ಸರ್, ಹೊರದೇಶದ್ದಾದರೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ಮೂರನೇ ಜಾಗದಲ್ಲಿ ಹೇಗೆ?"

ಹೆಂಡತಿಯ ಮುಖ ಬಿಳುಚಿತು. ಸಾಹೇಬರಿಗೆ ಅದೆಲ್ಲ ಯಾವ ಲೆಕ್ಕ?

"ಕ್ರಮದ ವಿಷಯ ನಿಮಗೆ ಗೊತ್ತಿರಬಹುದು, ಬಣ್ಣದ ವಿಷಯ ನನಗೆ ಗೊತ್ತು. ಇದು ನಮ್ಮ ಕಡೆ ಕೆಲಸವೇ ಅಲ್ಲ. ಇಲ್ಲಿ ನೋಡಿ, ಹಳದಿ ಮೇಲೆ ಕಂದು ಇಳಿದಿದೆ. ಬೆರಕೆ ಕಳಪೆ. ಇದನ್ನ ಬೆರೆಸಿದೋನು ನಮ್ಮ ಮಿಲ್ಲಲ್ಲಿದ್ದಿದ್ದರೆ ಅವತ್ತೇ ಕತ್ತು ಹಿಡಿದು ಗೇಟಿಂದ ಆಚೆಗೆ ಹಾಕ್ತಿದ್ದೆ."

"ಅಷ್ಟೊಂದು ಬೈಕೋಬೇಡಿ, ಅಳಿಯಂದಿರೇ," ಎಂದರು ಅತ್ತೆ ಕುರ್ಚಿಯಿಂದ. "ಅದು ನಿಮ್ಮ ಟೈ."

ಸಾಹೇಬರು ಭೂತಗನ್ನಡಿಯನ್ನು ಮತ್ತೆ ಆ ತುಂಡಿನ ಮೇಲೆ ಹಿಡಿದರು.

"ಆ ಜಾಗದ್ದು ಬೆಟ್ಟದ ಗಡಿ ಕಾಯ್ದದ್ದಕ್ಕೆ ಕೊಟ್ಟ ಪದಕ," ಎಂದು ಅತ್ತೆ ಕ್ಯಾಪ್ಟನ್ ಕಡೆ ತಿರುಗಿದರು. "ಅದರ ರಿಬ್ಬನ್ನಿಗೆ ನುಸಿ ಹಿಡಿದಿತ್ತಮ್ಮ. ಮಾರನೇ ದಿನವೇ ದೊಡ್ಡ ಕವಾಯತು. ಎಲ್ಲಿ ಹುಡುಕಿದರೂ ಹೊಸದು ಸಿಗಲಿಲ್ಲ. ಅವರೇ ಬೀರು ತೆಗೆದು ಈ ಟೈ ತಂದುಕೊಟ್ಟರು. ಆಗ ಅದು ಥೇಟ್ ಆ ರಿಬ್ಬನ್ನಿನ ಹಾಗೇ ಇತ್ತು, ಮೆರೂನು, ಹಳದಿ, ನಡುವೆ ಹಸಿರು. ಹಿಂದಿನ ಬಾಲದಲ್ಲಿ ಒಂದು ಚೂರು ಕತ್ತರಿಸಿ ನಾನೇ ಹೊಲಿದೆ."

"ಮೆರೂನು, ನಡುವೆ ಹಸಿರು. ಹೌದು, ಗಡಿ ಪದಕವೇ," ಎಂದಳು ಕ್ಯಾಪ್ಟನ್. "ಜಾಗವೂ ಸರಿಯಾಗಿದೆ. ನಮ್ಮ ಹತ್ತಿರ ಹೊಸ ರಿಬ್ಬನ್ ಇದೆ, ಹಾಕಿಸ್ತೀವಿ." ಹೆಂಡತಿಗೆ ಹೋದ ಜೀವ ಬಂದಂತಾಯಿತು.

"ಹೊಸದು ಸಿಕ್ಕಮೇಲೆ ಬದಲಾಯಿಸ್ತೀನಿ ಅಂದೆ," ಎಂದು ಅತ್ತೆ ಮುಂದುವರಿಸಿದರು. "ಬೇಡ, ಅದು ಸಿವಿಲಿಯನ್ ಕೊಟ್ಟದ್ದು, ಇರಲಿ ಅಂದರು. ನಿವೃತ್ತಿ ಆಗೋವರೆಗೂ ಅವರ ಎದೆ ಮೇಲೆ ಅದೇ ಇತ್ತು."

ಮೂವತ್ತು ವರ್ಷದ ಗಂಟು ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆಂದು ಸಾಹೇಬರು ಎಣಿಸಿರಲಿಲ್ಲ. ಮಾವನವರ ಮೇಲೆ ಪ್ರೀತಿ ಉಕ್ಕಿಬಂದು ಅವರು ಮೆಲ್ಲಗೆ ಕೇಳಿದರು, "ಹಾಗಾದರೆ ಕೊರಳಿಗೆ ಯಾಕೆ ಕಟ್ಟಿಕೊಳ್ಳಲಿಲ್ಲ ಅತ್ತೆ?"

"ಒಂದು ಸಲ ಕಟ್ಟಿದ್ದರು. ಬೆವರಿಗೆ ಬಣ್ಣ ಬಿಟ್ಟು ಅಂಗಿಯೆಲ್ಲ ಕೆಂಪಾಯ್ತು. ಪಟ್ಟಿಗಾದರೆ ಬೆವರೂ ತಾಕಲ್ಲ, ನೀರೂ ಸೋಕಲ್ಲ, ಅಲ್ಲೇ ಕ್ಷೇಮ ಅಂದರು. ನಿಮಗೆ ಬೇಜಾರಾಗುತ್ತೆ ಅಂತ ಹೇಳಬೇಡ ಅಂದಿದ್ದರು."

ಪ್ರೀತಿ ಅಲ್ಲಿಗೇ ನಿಂತಿತು. "ನಾನು ಬೆರೆಸಿದ ಬಣ್ಣ ಬಿಡೋದಿಲ್ಲ," ಎಂದರು ಸಾಹೇಬರು ಎದ್ದು ನಿಂತು. "ಉಳಿದ ಟೈ ಎಲ್ಲಿದೆ? ಕೊಡಿ. ಸಮಾರಂಭಕ್ಕೆ ಅದನ್ನೇ ಕಟ್ಟಿಕೊಂಡು ಬರ್ತೀನಿ. ನೂರು ಜನರ ಮುಂದೆ ತೀರ್ಮಾನ ಆಗಲಿ."

ತೀರ್ಮಾನವಾಯಿತು. ಸಮಾರಂಭ ನಡುಮಧ್ಯಾಹ್ನಕ್ಕಿತ್ತು, ಭಾಷಣಗಳು ಐದಿದ್ದವು, ಫ್ಯಾನುಗಳು ಎರಡೇ. ಹೊಸ ರಿಬ್ಬನ್ನಿನ ಪಟ್ಟಿ ಗಾಜಿನ ಹಿಂದೆ ಲಕ್ಷಣವಾಗಿ ಕೂತಿತ್ತು. ಅಪ್ಪನ ಹೆಸರನ್ನು ನೋಡಿ ಹೆಂಡತಿ ಕಣ್ಣೊರೆಸಿಕೊಂಡಳು, ಆಮೇಲೆ ಗಂಡನ ಕಡೆ ನೋಡಿ ಮತ್ತೊಮ್ಮೆ ಒರೆಸಿಕೊಂಡಳು. ಮೂರನೆಯ ಭಾಷಣದ ಹೊತ್ತಿಗೆ, ಸಾಹೇಬರ ಬಿಳಿಯ ಅಂಗಿಯ ಎದೆ ಕೆಂಪಾದದ್ದು ಕಂಡು ಇಬ್ಬರು ಸಿಪಾಯಿಗಳು ಅವರನ್ನು ಕೈಹಿಡಿದು ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೊಯ್ದಿದ್ದರು.

ಆ ಅಂಗಿಯನ್ನು ಹೆಂಡತಿ ಮೂರು ದಿನ ಸೋಪಿನಲ್ಲಿ ಉಜ್ಜಿದಳು, ಸೋಡಾದಲ್ಲಿ ನೆನೆಸಿದಳು, ಬಿಸಿನೀರಿನಲ್ಲಿ ಕುದಿಸಿದಳು. ನಾಲ್ಕನೆಯ ದಿನ ಅದನ್ನು ಗಂಡನ ಪತ್ರಿಕೆಯ ಮೇಲೆ ತಂದು ಹರಡಿದಳು. ಎದೆಯ ನಡುವೆ ಮೆರೂನು ಒಂದು ಚೂರೂ ಕದಲಿರಲಿಲ್ಲ.

"ನೀವು ಹೇಳಿದ್ದು ನಿಜ ಕಣ್ರೀ," ಎಂದಳು. "ನೀವು ಬೆರೆಸಿದ ಬಣ್ಣ ಬಿಡೋದೇ ಇಲ್ಲ."