ಮುಳ್ಳು ತೋರಿಸಿದ ದಾರಿ

ಐಗಿಲ್ ಆ ಬೆಳಿಗ್ಗೆ ಹೊಸ ನೀಲಿ ಸೂಟು ಹಾಕಿಕೊಂಡು ಕೆಲಸಕ್ಕೆ ಬಂದದ್ದೇ ಎಡವಟ್ಟಾಯಿತು. ಕೋಪನ್‌ಹೇಗನ್ನಿನ ಹೊರವಲಯದಲ್ಲಿ ವಿದ್ಯುತ್ ಯಂತ್ರ ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಸೂಟು ಹಾಕುವವರು ಮಾಲೀಕರೊಬ್ಬರೇ, ಅದೂ ಬ್ಯಾಂಕಿನವರು ಬರುವ ದಿನ ಮಾತ್ರ. ಮಿಕ್ಕವರಿಗೆಲ್ಲ ಬೂದು ಬಣ್ಣದ ಮೇಲಂಗಿಯೇ ಗತಿ. ಸೈಕಲ್ ನಿಲ್ಲಿಸುವಷ್ಟರಲ್ಲೇ ಪಕ್ಕದ ಬೆಂಚಿನ ಹೋಲ್ಗರ್ ಹಿಡಿದುಕೊಂಡ.

"ಏನಯ್ಯಾ ಇದು, ಮದುಮಗನ ಥರ ಬಂದಿದ್ದೀಯ? ಏನು ವಿಶೇಷ?"

"ವಿಶೇಷ ಏನಿಲ್ಲ. ನಮ್ಮ ದೊಡ್ಡಮ್ಮ ತೀರಿಕೊಂಡ್ರು. ಸಂಜೆ ಮಣ್ಣಿದೆ," ಎಂದುಬಿಟ್ಟ ಐಗಿಲ್.

ಅವನಿಗೆ ದೊಡ್ಡಮ್ಮನೇ ಇರಲಿಲ್ಲ. ಇದ್ದದ್ದು ಎರಡು ಗುಟ್ಟು. ಒಂದು, ಸುರುಳಿ ಸುತ್ತುವ ವಿಭಾಗದ ರಾನ್‌ಹಿಲ್ಡ್ ಅವನನ್ನು ಸಂಜೆ ಅಮ್ಮನ ಮನೆಗೆ ಊಟಕ್ಕೆ ಕರೆದಿದ್ದಳು; ಅಲ್ಲಿ, ಹುರಿದ ಹಂದಿಮಾಂಸ ಮುಗಿದು ಕಾಫಿ ಬರುವ ಮೊದಲು, ಮದುವೆಯಾಗುತ್ತೀಯಾ ಎಂದು ಕೇಳಿಬಿಡುವ ಧೈರ್ಯವನ್ನು ಅವನು ಚಳಿಗಾಲವಿಡೀ ಕೂಡಿಹಾಕಿದ್ದ. ಇನ್ನೊಂದು, ಅವನಿಗೆ ಅಂದೇ ಮೂವತ್ತು ತುಂಬಿತ್ತು. ಮೂವತ್ತು ತುಂಬಿಯೂ ಮದುವೆಯಾಗದ ಗಂಡಸು ಸಿಕ್ಕಿದರೆ ಆ ಜನ ಬಿಡುವವರಲ್ಲ. ಹಿಡಿದು ತಲೆಯಿಂದ ಕಾಲಿನವರೆಗೆ ಕರಿಮೆಣಸಿನ ಪುಡಿ ಸುರಿಯುತ್ತಾರೆ. ಅದು ಅಲ್ಲಿಯ ಪದ್ಧತಿ. ಹುಟ್ಟಿದ ದಿನ ಎಲ್ಲರಿಗೂ ಕೇಕ್ ತರಬೇಕಲ್ಲ ಎಂಬ ಜಿಪುಣತನಕ್ಕೆ ಐಗಿಲ್, ತಾನು ಹುಟ್ಟಿದ್ದು ಕಾರ್ಖಾನೆ ಮುಚ್ಚಿರುವ ಜುಲೈ ರಜೆಯಲ್ಲಿ ಎಂದು ಸೇರಿದಾಗಲೇ ಹೇಳಿಟ್ಟಿದ್ದ. ಆ ಸುಳ್ಳು ಈಗ ಕೊಡೆಯ ಹಾಗೆ ಅವನನ್ನು ಕಾಯುತ್ತಿತ್ತು. ಸಂಜೆಯವರೆಗೆ ಕಾದರೆ ಸಾಕು. ಅವಳು ಹೂಂ ಅಂದಮೇಲೆ ಮೆಣಸಿನ ಮಾತೇ ಇಲ್ಲ.

ಒಳಗೆ ಬರುತ್ತಿದ್ದಂತೆ ಇಂಜಿನಿಯರ್ ಕ್ರಾಗ್ ಒಂದು ಪೆಟ್ಟಿಗೆ ತಂದು ಬೆಂಚಿನ ಮೇಲಿಟ್ಟರು. ಶುದ್ಧ ಸ್ವರ ಹುಟ್ಟಿಸುವ ಯಂತ್ರ ಅದು. ಸಂಜೆಯ ಹಡಗಿನಲ್ಲಿ ಅದು ನಾರ್ವೆಗೆ ಹೋಗಬೇಕು.

"ಸ್ವರ ಸೆಕೆಂಡಿಗೆ ಸಾವಿರ ಕಂಪನದ್ದು. ಅದರ ನೆರಳಿನ ಹಾಗೆ ಬೇಡದ ಸ್ವರವೊಂದು ಎರಡು ಸಾವಿರದಲ್ಲಿ ಬೀಳುತ್ತಲ್ಲ, ಅದು ಮೂಲದ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ ಇರಬೇಕು. ಅಳೆದು ಸಹಿ ಹಾಕಿ ಹೊರಡಿ. ಸಹಿ ಇಲ್ಲದೆ ಮಾತ್ರ ಹೊರಡೋ ಹಾಗಿಲ್ಲ. ಅಂದಹಾಗೆ, ದೊಡ್ಡಮ್ಮನವರ ವಿಷಯ ಕೇಳಿ ಬೇಜಾರಾಯ್ತು."

ಹೋಲ್ಗರನ ಬಾಯಿಗೆ ಬಿದ್ದ ಸುದ್ದಿಗೆ ಮೆಟ್ಟಿಲು ಹತ್ತಲು ಅಷ್ಟೇ ಹೊತ್ತು ಸಾಕಾಗಿತ್ತು.

ಅಳೆಯುವುದರಲ್ಲಿ ಐಗಿಲ್‌ಗೆ ಸಮನಿಲ್ಲ. ಅವನ ವೇವ್ ಅನಲೈಸರ್ ಎಂದರೆ ಸಂತೆಯ ಗದ್ದಲದಲ್ಲೂ ತನ್ನ ಮಗುವಿನ ಅಳುವನ್ನಷ್ಟೇ ಆರಿಸಿ ಕೇಳುವ ತಾಯಿ ಇದ್ದ ಹಾಗೆ. ಗುಂಡಿ ತಿರುಗಿಸಿ ಯಾವ ಸ್ವರಕ್ಕೆ ನಿಲ್ಲಿಸಿದರೆ ಆ ಸ್ವರ ಎಷ್ಟು ಜೋರಾಗಿದೆ ಎಂಬುದನ್ನು ಮಾತ್ರ ಮೀಟರಿನ ಮುಳ್ಳು ಹೇಳುತ್ತದೆ. ಆದರೆ ಅದಕ್ಕೆ ಉಪಚಾರ ಬೇಕು. ಮೊದಲು ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳು ಬೆಚ್ಚಗಾಗಬೇಕು, ಆಮೇಲೆ ಮುಳ್ಳನ್ನು ಸೊನ್ನೆಗೆ ಕೂರಿಸಬೇಕು. ಒಳಗೆ ಹೆಚ್ಚು ಸದ್ದು ತುರುಕಿದರೆ ಯಂತ್ರ ತಾನೇ ನೆರಳು ಹುಟ್ಟಿಸಿ ಸುಳ್ಳು ಹೇಳುತ್ತದೆ. ಕಮ್ಮಿ ಕೊಟ್ಟರೆ ಇರುವ ನೆರಳೂ ಕಾಣದು. ಬೆಂಚನ್ನಂತೂ ಯಾರೂ ಮುಟ್ಟಕೂಡದು.

"ಹೋಲ್ಗರ್, ಬೆರಳು ತಟ್ಟಬೇಡಿ, ಮುಳ್ಳು ಹಾರ್ತಿದೆ!"

"ನಿನ್ನ ಯಂತ್ರಕ್ಕಿಂತ ನಮ್ಮತ್ತೆ ವಾಸಿ ಕಣಯ್ಯಾ. ಅವರನ್ನ ಬೈದರೆ ಮಾತ್ರ ಹಾರ್ತಾರೆ."

ಐಗಿಲ್ ಸಾವಿರದಲ್ಲಿ ಮುಳ್ಳನ್ನು ತುದಿಗೆ ತಂದ. ಉಸಿರು ಬಿಗಿಹಿಡಿದು ಎರಡು ಸಾವಿರಕ್ಕೆ ತಿರುಗಿಸಿದ. ಮುಳ್ಳು ಒಳ್ಳೆಯ ಮಗುವಿನ ಹಾಗೆ ಕೆಳಗೆ ಕೂತಿತು. ಸಹಿಗೆಂದು ಪೆನ್ನು ತೆಗೆದ. ಮುಳ್ಳು ನಡುಗಿತು, ಎದ್ದಿತು, ಮೇಲೆ ಹೋಗಿ ನಿಂತಿತು. ಪೆನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿಗೆ ಮುಳ್ಳೂ ಇಳಿಯಿತು.

ಪೆಟ್ಟಿಗೆಯನ್ನು ಆರಿಸಿ ನೋಡಿದ. ಆಗಲೂ ಮುಳ್ಳು ಆಗಾಗ ಏಳುತ್ತಲೇ ಇತ್ತು. ಅಂದರೆ ತಪ್ಪು ಪೆಟ್ಟಿಗೆಯದಲ್ಲ. ಎಲ್ಲಿಂದಲೋ ಕರೆಂಟಿನ ತಂತಿ ಹಿಡಿದು ಕೊಳಕು ಸದ್ದೊಂದು ನುಗ್ಗುತ್ತಿದೆ.

"ಕಾಫಿ ಬಾಯ್ಲರ್ರು," ಎಂದು ಹೋಲ್ಗರ್ ತೀರ್ಪು ಕೊಟ್ಟ. "ಅದೇ. ಬರೆದಿಟ್ಟುಕೋ."

ಇಬ್ಬರೂ ಕ್ಯಾಂಟೀನಿಗೆ ಹೋದರು. ಕ್ಯಾಂಟೀನ್ ನೋಡಿಕೊಳ್ಳುವ ಫ್ರೂ ಡಾಗ್ನಿ, ಅಂದರೆ ಶ್ರೀಮತಿ ಡಾಗ್ನಿ, ಸೊಂಟಕ್ಕೆ ಕೈಯಿಟ್ಟಳು. "ನನ್ನ ಬಾಯ್ಲರ್ ಆರಿಸೋದಾ? ಕಾಫಿ ಇಲ್ಲದೆ ಈ ಕಾರ್ಖಾನೇಲಿ ಒಂದು ಸ್ಕ್ರೂ ತಿರುಗಲ್ಲ, ಗೊತ್ತಾ?" ಆಮೇಲೆ ಸೂಟು ಕಣ್ಣಿಗೆ ಬಿತ್ತು. "ಅಯ್ಯೋ, ಪಾಪ, ದೊಡ್ಡಮ್ಮ! ಆಗಲಿ, ಆರಿಸಿಕೋ." ಯಾರದಾದರೂ ಹುಟ್ಟುಹಬ್ಬಕ್ಕೆಂದು ಇಟ್ಟಿದ್ದ ಮೇಜಿನ ಪುಟ್ಟ ಬಾವುಟವನ್ನು ತೆಗೆದು, ಅದರ ದಾರ ಸಡಿಲಿಸಿ ಅರ್ಧಕ್ಕೆ ಇಳಿಸಿದಳು. ತನ್ನ ಹುಟ್ಟುಹಬ್ಬದ ದಿನ ತನ್ನ ಬಾವುಟವೇ ಅರ್ಧ ಇಳಿದದ್ದನ್ನು ನೋಡುತ್ತಾ ಐಗಿಲ್ ಥ್ಯಾಂಕ್ಸ್ ಹೇಳಿದ. ಕಾಫಿಬೀಜ ಪುಡಿ ಮಾಡುವ ದೊಡ್ಡ ಗ್ರೈಂಡರ್ ಇರುತ್ತಿದ್ದ ಜಾಗ ಖಾಲಿಯಿದ್ದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಬಾಯ್ಲರ್ ತಣ್ಣಗಾಯಿತು. ಮುಳ್ಳು ಮತ್ತೆ ಎದ್ದಿತು.

ಟ್ಯೂಬ್‌ಲೈಟು ಆರಿಸಿದರು, ಇಡೀ ಮಹಡಿಯ ಜನ ಕಿಟಕಿಯ ಹತ್ತಿರ, ಬಿಸಿಲು ಕಾಯಿಸಿಕೊಳ್ಳುವ ಬೆಕ್ಕುಗಳ ಹಾಗೆ ಗುಂಪು ಕೂತು ಬೆಸುಗೆ ಹಾಕಿದರು. ಫ್ಯಾನು ನಿಲ್ಲಿಸಿದರು, ಹೊಗೆ ತುಂಬಿತು. ಲಿಫ್ಟ್ ನಿಲ್ಲಿಸಿದರು; ಅದರೊಳಗೆ ಲೆಕ್ಕದ ವಿಭಾಗದವರೊಬ್ಬರಿದ್ದರು. ಅವರನ್ನು ಎಳೆದು ತೆಗೆದಾಗ ಬೈಯಲು ಬಾಯಿ ತೆರೆದು, ಐಗಿಲ್‌ನ ಸೂಟು ನೋಡಿ, ಕೈ ಕುಲುಕಿ, "ವಯಸ್ಸೆಷ್ಟಾಗಿತ್ತು?" ಎಂದು ಕೇಳಿದರು.

"ಮೂವ... ಅಲ್ಲ, ಎಂಬತ್ತು," ಎಂದ ಐಗಿಲ್, ಬೆವರೊರೆಸಿಕೊಳ್ಳುತ್ತಾ.

ಮಧ್ಯಾಹ್ನ ಎಲ್ಲರೂ ರೈ ಬ್ರೆಡ್ಡಿನ ಡಬ್ಬಿ ಬಿಚ್ಚಿದಾಗ ಮುಳ್ಳು ಅಲುಗಲೇ ಇಲ್ಲ. ಊಟ ಮುಗಿಯುತ್ತಿದ್ದಂತೆ ಮತ್ತೆ ಶುರುವಾಯಿತು. ಐಗಿಲ್‌ಗೆ ಹೊಳೆಯಿತು. "ಹೋಲ್ಗರ್, ಇದು ಊಟಕ್ಕೆ ಬಿಡುವು ತಗೊಳ್ಳೋ ಸದ್ದು! ಯಾರೋ ಕೈಯಾರೆ ಏನೋ ಯಂತ್ರ ಓಡಿಸ್ತಿದ್ದಾರೆ. ನೀವು ಮುಳ್ಳು ನೋಡ್ತಿರಿ. ನಾನು ಫ್ಯೂಸು ಒಂದೊಂದಾಗಿ ಕೀಳ್ತೀನಿ."

ಹೋಲ್ಗರ್ ಮುಳ್ಳಿನ ಮುಂದೆ ಕೂತ. ಐಗಿಲ್ ಓಣಿಯ ಕೊನೆಯ ಫ್ಯೂಸುಗಳ ಹಲಗೆಯ ಮುಂದೆ ನಿಂತ. ಒಂದು ಕಿತ್ತ.

"ಇಲ್ಲ!"

ಇನ್ನೊಂದು.

"ಇಲ್ಲ! ಮೇಲಿನಿಂದ ಯಾರೋ ಬೈತಿದ್ದಾರೆ!"

ಮತ್ತೊಂದು.

"ಇಳೀತು! ಬಿತ್ತು ಕಣಯ್ಯಾ, ಕಲ್ಲು ಬಿದ್ದ ಹಾಗೆ ಬಿತ್ತು!"

ಅದು ಅಂಗಳದ ಆಚೆಯ ಪ್ಯಾಕಿಂಗ್ ಶೆಡ್ಡಿನ ಫ್ಯೂಸು. ಬುದ್ಧಿವಂತನಾದವನು ಅದನ್ನು ಹಾಗೇ ಜೇಬಿಗೆ ಹಾಕಿಕೊಂಡು, ಅಳೆದು, ಸಹಿ ಮಾಡಿ ಮನೆಗೆ ಹೋಗುತ್ತಿದ್ದ. ಐಗಿಲ್ ಅಳತೆಗಾರ. ಸದ್ದು ಎಲ್ಲಿಂದ ಬಂತೆಂದು ಕಣ್ಣಾರೆ ನೋಡದೆ ಅವನ ಜೀವಕ್ಕೆ ಸಮಾಧಾನವಿಲ್ಲ. ಅಂಗಳ ದಾಟಿ ಬಾಗಿಲು ನೂಕಿದ.

ಒಳಗೆ ಕತ್ತಲು. "ಕರೆಂಟು ತೆಗೆದ ಶನಿ ಯಾರು?" ಎಂದಿತು ಫ್ರೂ ಡಾಗ್ನಿಯ ದನಿ. ಬಾಗಿಲ ಬೆಳಕಿನಲ್ಲಿ ಮೊದಲು ಕಂಡದ್ದು ಅವಳ ಕಾಫಿ ಗ್ರೈಂಡರ್. ಪಕ್ಕದಲ್ಲಿ ಕಪ್ಪು ಪುಡಿ ತುಂಬಿದ ಬೋಗುಣಿ. ಎಣ್ಣೆಯ ಪೀಪಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಆಳೆತ್ತರದ ಅಣಕು ಮೆಣಸಿನ ಡಬ್ಬಿ. ಸುತ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಪ್ಯಾಕಿಂಗಿನ ಹೆಂಗಸರು. ಅವರ ನಡುವೆ ರಾನ್‌ಹಿಲ್ಡ್.

ಐಗಿಲ್‌ನ ಭುಜ ಇಳಿಯಿತು. ಎಲ್ಲ ಗೊತ್ತಾಗಿಹೋಗಿದೆ. ಇನ್ನು ಮರ್ಯಾದೆಯಿಂದ ಸೋಲುವುದೊಂದೇ ದಾರಿ.

"ಸರಿ," ಎಂದ, ಕೈಯೆತ್ತಿ. "ನನಗೆ ಇವತ್ತು ಮೂವತ್ತು ತುಂಬಿತು ಅಂತ ನಿಮಗೆ ಹೇಳಿದ್ದು ಯಾರು?"

ಒಬ್ಬಳು ಪೀಪಾಯಿಯನ್ನು ಮೆಲ್ಲಗೆ ಈಚೆಗೆ ತಿರುಗಿಸಿದಳು. ಅದರ ಮೇಲೆ ಕೆಂಪು ಬಣ್ಣದಲ್ಲಿ 'ಪ್ರೆಬೆನ್' ಎಂದು ಬರೆದಿತ್ತು. ಬಣ್ಣದ ವಿಭಾಗದ ಪ್ರೆಬೆನ್. ಅವನಿಗೆ ನಾಳೆ ಮೂವತ್ತು.

"ಇವತ್ತಾ?" ಎಂದಳು ಫ್ರೂ ಡಾಗ್ನಿ.

"ಜುಲೈನಲ್ಲಿ ಅಂದಿದ್ರಿ?" ಎಂದಳು ಇನ್ನೊಬ್ಬಳು.

"ಹಾಗಾದ್ರೆ ದೊಡ್ಡಮ್ಮ?"

ಐಗಿಲ್ ಹಿಂದೆ ಸರಿದ. ಹಿಂದೆ, ಅವನು ಹೋದ ದಾರಿ ಹಿಡಿದು ಬಂದ ಹೋಲ್ಗರ್ ಬಾಗಿಲಿಗೆ ಅಡ್ಡ ನಿಂತಿದ್ದ. "ನಮಗೆ ಕೊಡಬೇಕಾದ ಅಷ್ಟು ವರ್ಷದ ಕೇಕು ನುಂಗಿಹಾಕಿದೆಯಲ್ಲೋ ಕಳ್ಳ," ಎಂದ, ತುಂಬು ಪ್ರೀತಿಯಿಂದ.

"ಪ್ರೆಬೆನ್‌ಗೆ ಬೇರೆ ರುಬ್ಬೋಣ," ಎಂದು ಫ್ರೂ ಡಾಗ್ನಿ ಬೋಗುಣಿ ಎತ್ತಿದಳು. ನೀಲಿ ಸೂಟು ಕಪ್ಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದಾದ ಮೇಲೆ ಅವಳೇ ಕ್ಯಾಂಟೀನಿಗೆ ಹೋಗಿ ಬಾವುಟವನ್ನು ತುದಿಯವರೆಗೆ ಏರಿಸಿದಳು.

ರಾನ್‌ಹಿಲ್ಡ್ ಒಬ್ಬಳು ಉಳಿದಳು. ಕರವಸ್ತ್ರ ಬಿಚ್ಚಿ ಅವನ ಹುಬ್ಬು ಒರೆಸಿದಳು.

"ರಾನ್‌ಹಿಲ್ಡ್, ನಾನು ಸಂಜೆ ಒಂದು ಮಾತು... ನಿಮ್ಮನ್ನ... ಆಕ್ಷೀ!"

"ಗೊತ್ತು. ಸೂಟು ನೋಡಿದಾಗಲೇ ಅಂದುಕೊಂಡೆ," ಎಂದಳು, ನೆಲ ನೋಡುತ್ತಾ. "ಆದ್ರೆ ಅಮ್ಮನಿಗೆ ಉಬ್ಬಸ ಇದೆ. ಮೆಣಸಿನ ಘಾಟು ಸ್ವಲ್ಪ ತಾಕಿದ್ರೂ ಆಸ್ಪತ್ರೆಗೆ ಓಡಬೇಕು. ಮುಂದಿನ ವಾರ ಬನ್ನಿ. ಸ್ನಾನ ಮಾಡಿಕೊಂಡು, ಒಂದೆರಡು ಸಲ."

ಐಗಿಲ್ ಫ್ಯೂಸು ಕೈಯಲ್ಲೇ ಹಿಡಿದು ಬೆಂಚಿಗೆ ಮರಳಿದ. ಇನ್ನೇನು ಅಡ್ಡಿ, ಸಹಿಯಾದರೂ ಆಗಲಿ. ಎರಡು ಸಾವಿರಕ್ಕೆ ತಿರುಗಿಸಿದ. ಮುಳ್ಳು ಕೆಳಗೆ ಕೂತಿತು. ಪೆನ್ನು ತೆಗೆದ.

"ಆಕ್ಷೀ!"

ಬೆಂಚು ಅದುರಿತು. ಮುಳ್ಳು ಹಾರಿತು. ಅದು ಇಳಿಯುವುದರೊಳಗೆ ಇನ್ನೊಂದು ಸೀನು. ಅಷ್ಟರಲ್ಲಿ ಇಂಜಿನಿಯರ್ ಕ್ರಾಗ್ ಬಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರು ನೋಡಿದ್ದು ಮುಳ್ಳನ್ನು ಮಾತ್ರ.

"ಇನ್ನೂ ಬರ್ತಿದೆಯಲ್ಲ ಐಗಿಲ್, ಮೊದಲಿಗಿಂತ ಜೋರಾಗಿ! ಎಲ್ಲಿಂದ ಬರ್ತಿದೆ ಅಂತ ಕಂಡುಹಿಡೀರಿ. ಅಲ್ಲೀವರೆಗೂ ಯಾರೂ ಮನೆಗೆ ಹೋಗೋ ಹಾಗಿಲ್ಲ."