ಮೊಮ್ಮಗಳ ಬ್ರೆಡ್ಡು, ನನ್ನ ಡಬ್ಬಿ

ಬೇರೆಯವರ ಅಡುಗೆಯಲ್ಲಿ ತಪ್ಪು ಹುಡುಕುವುದರಲ್ಲಿ ನಾನು ಗಟ್ಟಿಗಿತ್ತಿ. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ತಿಳಿಯಲು ಬಾಯಿಗೆ ಹಾಕಿಕೊಳ್ಳಬೇಕಾಗಿಲ್ಲ, ಬಡಿಸುವವಳ ಮುಖ ನೋಡಿದರೆ ಸಾಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಓದಿನಲ್ಲಿ ಹಿಂದೆ ಬಿದ್ದದ್ದನ್ನೆಲ್ಲ ಈ ವಿದ್ಯೆಯಲ್ಲಿ ಸರಿದೂಗಿಸಿಕೊಂಡಿದ್ದೇನೆ. ಆದರೆ ಇದರಲ್ಲೊಂದು ಕೊರತೆ ಇದೆ. ಟಾರ್ಚಿನ ಬೆಳಕು ಎದುರಿಗಿರುವವರ ಮೇಲೆ ಬೀಳುತ್ತದೆಯೇ ಹೊರತು ಹಿಡಿದವಳ ಮೇಲೆ ಬೀಳುವುದಿಲ್ಲ.

ವಿಷಯ ಬ್ರೆಡ್ಡಿನದು. ನಮ್ಮ ಕಾಲದಲ್ಲಿ ಬ್ರೆಡ್ಡು ತಿನ್ನಬೇಕಾದರೆ ಜ್ವರ ಬರಬೇಕಿತ್ತು. ಗಟ್ಟಿಮುಟ್ಟಾಗಿರುವವರು ಬ್ರೆಡ್ಡು ತಿಂದರೆ ಅಕ್ಕಪಕ್ಕದವರು ಹಣೆ ಮುಟ್ಟಿ ನೋಡುತ್ತಿದ್ದರು. ಈಗ ನನ್ನ ಮೊಮ್ಮಗಳು ತನ್ವಿಯ ಕ್ಲಾಸಿನಲ್ಲಿ ಎಲ್ಲರ ಡಬ್ಬಿಯಲ್ಲೂ ಬ್ರೆಡ್ಡು ಜಾಮು. ಅವಳಿಗೆ ಆರು ವರ್ಷ. ಹೋದ ವರ್ಷ ಹೊಟ್ಟೆನೋವು, ಭೇದಿ ಎಂದು ಒಣಗಿ ಕಡ್ಡಿಯಾದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಕ್ಕೆ ಪೈಪು ಬಿಟ್ಟು ನೋಡಿ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಈ ಮಗುವಿನ ಕರುಳಿಗೆ ಆಗುವುದಿಲ್ಲ ಎಂದರು. ಗೋಧಿ, ಮೈದಾ, ರವೆ ಇನ್ನು ಜೀವಮಾನವಿಡೀ ಬೇಡ, ಒಂದು ಚಿಟಿಕೆಯೂ ಬೇಡ. ನಾನು ಅವರ ಎದುರಿಗೇ, "ಗೋಧಿ ಆಗದ ಹೊಟ್ಟೆ ಇರುತ್ತಾ ಡಾಕ್ಟ್ರೆ? ಜಂತುಹುಳಕ್ಕೆ ಔಷಧಿ ಕೊಟ್ಟು ನೋಡಿ" ಎಂದೆ. ಅವರು ಸೊಸೆ ಶೋಭಾಳ ಕಡೆ ತಿರುಗಿ, "ಮನೇಲಿ ಅಡುಗೆ ಯಾರು ಮಾಡೋದು?" ಎಂದು ಕೇಳಿದರು. ಆ ಪ್ರಶ್ನೆಯ ಅರ್ಥ ನನಗೆ ಆಮೇಲೆ ಆಯಿತು.

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಅಡುಗೆಮನೆಯನ್ನು ಶೋಭಾ ಅವತ್ತೇ ಜಾಲಾಡಿದಳು. ಒಂದೊಂದು ಪೊಟ್ಟಣವನ್ನೂ ಕಿಟಕಿ ಹತ್ತಿರ ಹಿಡಿದು ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ ಓದಿ, ಅನುಮಾನ ಬಂದದ್ದನ್ನು ಹೊರಗೆ ಹಾಕಿದಳು. ನನ್ನ ಡಬ್ಬಿಗಳ ಸಾಲಿಗೆ ಬಂದಾಗ ಮಾತ್ರ, "ಅದನ್ನ ಮುಟ್ಟಬೇಡ. ಅದೆಲ್ಲ ನನ್ನ ಕೈಯಾರೆ ಮಾಡಿದ್ದು" ಎಂದೆ. ಅಂಗಡಿಯಿಂದ ಏನೇ ತಂದರೂ ಡಬ್ಬಿಗೆ ಸುರಿದು ಕಾಗದ ಒಲೆಗೆ ಹಾಕುವುದು ನನ್ನ ಹಳೆಯ ರೂಢಿ. ಯಾವ ಡಬ್ಬಿಯಲ್ಲಿ ಏನಿದೆ ಎಂದು ನನ್ನ ಕೈಗೆ ಗೊತ್ತು. ಮನೆಯಲ್ಲಿ ನನಗೆ ಉಳಿದಿದ್ದ ಅಧಿಕಾರ ಅದೊಂದೇ ಎಂದರೂ ತಪ್ಪಿಲ್ಲ.

ಅಕ್ಕಿರೊಟ್ಟಿ, ರಾಗಿರೊಟ್ಟಿ, ಕಡುಬು ಎಲ್ಲ ಮಾಡಿಕೊಟ್ಟೆ. ತನ್ವಿ ತಿಂದಳು. ಆದರೆ ಒಂದು ದಿನ, "ಅಜ್ಜಿ, ನಂಗೂ ಒಂದ್ಸಲ ಎಲ್ಲರ ತರ ಬ್ರೆಡ್ಡು" ಎಂದಳು. ಹಟ ಮಾಡಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಮೆಲ್ಲಗೆ ಕೇಳಿದಳು. ಅದಕ್ಕೆ ನನ್ನಲ್ಲಿ ಬೈಗುಳ ಇರಲಿಲ್ಲ.

ಶಿವಮೊಗ್ಗದ ದೊಡ್ಡ ಅಂಗಡಿಯೊಂದರಲ್ಲಿ ಗೋಧಿಯಿಲ್ಲದ ಬ್ರೆಡ್ಡು ಇದೆ ಎಂದು ಹೋದರೆ ಅದಕ್ಕೆ ಬೂಸಲು ಬಂದಿತ್ತು. ಸರಿ, ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಯಜಮಾನರು ಕಾರ್ಖಾನೆಯಲ್ಲಿದ್ದಾಗ ನಲವತ್ತು ವರ್ಷ ಇದ್ದ ಊರು. ಸಾಮಾನು ಸರಂಜಾಮಿಗೆ ನಾನು ಈಗಲೂ ಅಲ್ಲಿಗೇ ಹೋಗುವುದು. ಅಲ್ಲಿ ಬೇಕರಿ ಇಟ್ಟಿರುವ ರೆಹಮಾನನನ್ನು ಚಡ್ಡಿ ಹಾಕುವ ಕಾಲದಿಂದ ಕಂಡಿದ್ದೇನೆ. "ಅಕ್ಕಿಹಿಟ್ಟಲ್ಲಿ ಒಂದು ಬ್ರೆಡ್ಡು ಮಾಡ್ಕೊಡಪ್ಪಾ" ಎಂದೆ.

"ಮಾಡೋಕೆ ಕಷ್ಟ ಇಲ್ಲಮ್ಮಾ" ಎಂದ. "ಆದ್ರೆ ಇಲ್ಲಿ ಗಾಳೀಲೂ ಮೈದಾ ಇರುತ್ತೆ. ನನ್ನ ಹುಬ್ಬು ನೋಡಿ, ವಯಸ್ಸಿಗೆ ಬೆಳ್ಳಗಾಗಿರೋದಲ್ಲ. ಮಗೂಗೆ ಏನಾದ್ರೂ ಆದ್ರೆ? ನೀವು ಮನೇಲೇ ಮಾಡಿ, ನಾನು ಹೇಳ್ಕೊಡ್ತೀನಿ."

ಅಕ್ಕಿಹಿಟ್ಟಿಗೆ ಅಂಟು ಇರುವುದಿಲ್ಲ, ಅದಕ್ಕೆ ಇಸಬ್‌ಗೋಲ್ ಹಾಕಬೇಕಂತೆ. ಮಲಬದ್ಧತೆಗೆ ಯಜಮಾನರು ಕುಡಿಯುತ್ತಿದ್ದ ಪುಡಿ ಅದು. ಅದರಿಂದ ತಿಂಡಿ ಮಾಡುವ ಕಾಲ ಬರುತ್ತದೆಂದು ಅಂದುಕೊಂಡಿರಲಿಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು, ಒಳಗೆ ಪಾತ್ರೆ ಇಟ್ಟು ಬೇಯಿಸಿದೆ. ಮೊದಲನೆಯದು ಚಾಕುವಿಗೆ ಬಗ್ಗಲಿಲ್ಲ. ಮಗ ಅದನ್ನು ನೆಲಕ್ಕೆ ಕುಟ್ಟಿ, "ಅಮ್ಮ, ಕಾಂಪೌಂಡಿಗೆ ಇನ್ನೂ ನಾಲ್ಕು ಮಾಡು" ಎಂದ. ಎರಡನೆಯದು ಒಳಗೆ ಗಂಜಿ, ಹೊರಗೆ ಹಂಚು. ಏಳನೆಯದೋ ಎಂಟನೆಯದೋ ಉಬ್ಬಿತು. ತನ್ವಿ ಕಚ್ಚಿ, ಬಹಳ ಹೊತ್ತು ಅಗಿದು, "ಇಡ್ಲಿಯ ಅಣ್ಣನ ತರ ಇದೆ" ಎಂದಳು. ಮರುದಿನ ಡಬ್ಬಿ ಖಾಲಿಯಾಗಿ ಬಂತು.

ಬ್ರೆಡ್ಡು ಉಬ್ಬಿತು, ಮಗು ಉಬ್ಬಲಿಲ್ಲ. ವಾರಕ್ಕೆರಡು ಸಲ ಹೊಟ್ಟೆನೋವು ತಪ್ಪಲಿಲ್ಲ. ನಾನು ಟಾರ್ಚು ಹಿಡಿದೆ. ಶೋಭಾಳ ತವರು ಗಾಜನೂರು; ತಿಂಗಳಿಗೊಮ್ಮೆ ಮಗುವನ್ನು ಕರೆದುಕೊಂಡು ಹೋಗುತ್ತಿದ್ದಳು. "ನಿಮ್ಮಮ್ಮ ಮುದ್ದಿಗೆ ಬಿಸ್ಕೆಟ್ ಕೊಟ್ಟಿರ್ತಾಳೆ. ಕದ್ದು ತಿನ್ನಿಸೋ ಪ್ರೀತಿಗೆ ಮಗು ನರಳ್ತಿದೆ" ಎಂದೆ. ಒಂದು ಸಲ ಅಲ್ಲ, ನೋವು ಬಂದಾಗೆಲ್ಲ ಎಂದೆ. ಶೋಭಾ ತವರಿಗೆ ಹೋಗುವುದನ್ನೇ ನಿಲ್ಲಿಸಿದಳು. ಅದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಆಮೇಲೂ ನೋವು ಬಂದರೆ, ಹಳೆಯ ಬಿಸ್ಕೆಟ್ಟಿನ ನಂಜು ಇನ್ನೂ ಇಳಿದಿಲ್ಲ ಎಂದೆ. ಮಗು ಹೊಟ್ಟೆ ಹಿಡಿದುಕೊಂಡಾಗ ಮಾತ್ರ ನಾನೇ ಮುಂದಾಗಿ, ಮಜ್ಜಿಗೆಗೆ ದಂಡಿಯಾಗಿ ಇಂಗು ಕದಡಿ ಕುಡಿಸುತ್ತಿದ್ದೆ. ಹೊಟ್ಟೆನೋವಿಗೆ ಇಂಗಿಗಿಂತ ಮದ್ದುಂಟೇ?

ಮೂರು ತಿಂಗಳ ಮೇಲೆ ಮತ್ತೆ ಭದ್ರಾವತಿಗೆ ಹೋದೆ. ಹಳೇ ಅಂಗಡಿಯಲ್ಲಿ ಇಂಗು ಕಟ್ಟಿಸಿಕೊಂಡು ರೆಹಮಾನನ ಬೇಕರಿ ಮುಂದೆ ಕೂತು, ಬೀಗಿತ್ತಿಯ ಬಿಸ್ಕೆಟ್ ಪುರಾಣ ಹೇಳಿದೆ. "ನಾನಿದ್ದೀನಿ ಅಂತ ಸರಿಹೋಯ್ತು, ಇಂಗು ಮಜ್ಜಿಗೆ ಕೊಟ್ಟು ಸಂಭಾಳಿಸ್ತಿದೀನಿ" ಎಂದು ಪೊಟ್ಟಣ ತೋರಿಸಿದೆ.

ಅವನು ಪೊಟ್ಟಣ ನೋಡಿದ, ನನ್ನ ಮುಖ ನೋಡಿದ. "ಇದ್ರಲ್ಲಿ ಮೈದಾ ಇರುತ್ತಲ್ಲಮ್ಮಾ."

"ನಿನಗೆ ಎಲ್ಲಾ ಕಡೆ ಮೈದಾನೇ ಕಾಣುತ್ತೆ" ಎಂದು ಬೈದು, ಸೀದಾ ಅಂಗಡಿಗೆ ವಾಪಸು ಹೋಗಿ ಕೇಳಿದೆ. ಅಂಗಡಿಯವನು ನಕ್ಕ. "ಬರೀ ಇಂಗು ಬಾಯಿಗೆ ಹಾಕೋಕಾಗುತ್ತಾ ಅಮ್ಮಾ? ಮೈದಾನೋ ಗೋಧಿನೋ ಕಲಸ್ಲೇಬೇಕು. ನಲವತ್ತು ವರ್ಷದಿಂದ ತಿಂತಿದೀರಿ, ನಿಮಗೇನಾಯ್ತು?" ನನಗೇನೂ ಆಗಲಿಲ್ಲ. ಆಗಿದ್ದರೆ ಮೊದಲೇ ತಿಳಿಯುತ್ತಿತ್ತು.

ಮನೆಗೆ ಬಂದು ಇಂಗಿನ ಡಬ್ಬಿಯನ್ನು ಬಚ್ಚಲಿಗೆ ಸುರಿದು ಮೂರು ಸಲ ತಿಕ್ಕಿದೆ. ಬಾಯಿ ಮಾತ್ರ ಬಿಡಲಿಲ್ಲ. ನನ್ನ ಡಬ್ಬಿಗೆ ಚೀಟಿ ಇರಲಿಲ್ಲವಲ್ಲ, ಯಾರಿಗೆ ಗೊತ್ತಾಗಬೇಕು? ಸಾರಿನಲ್ಲಿ ಇಂಗಿಲ್ಲ ಎಂದು ಮಗ ಕೇಳಿದಾಗ, "ವಯಸ್ಸಾಯ್ತು, ಮರೀತೀನಿ" ಎಂದೆ. ಹೊಟ್ಟೆನೋವು ನಿಂತಿತು. ತನ್ವಿಯ ಕೆನ್ನೆ ತುಂಬಿತು. ಎರಡು ತಿಂಗಳಿಗೆ ಡಾಕ್ಟರು ತೂಕ ನೋಡಿ, "ಏನು ಬದಲಾಯಿಸಿದ್ರಿ?" ಎಂದರು. ಶೋಭಾ, "ನಮ್ಮತ್ತೆ ಮಾಡೋ ಬ್ರೆಡ್ಡು ಸರ್" ಎಂದಳು. ಅಷ್ಟು ಬೈಸಿಕೊಂಡವಳು ನನಗೆ ಹಾರ ಹಾಕಿದಳು. ಕೂತಿದ್ದ ಕುರ್ಚಿ ಕಾದ ಕಾವಲಿಯಾಯಿತು.

ವಾಪಸು ಬರುವಾಗ ಆಟೋದಲ್ಲಿ, ತನ್ವಿ ನಿದ್ದೆ ಹೋದ ಮೇಲೆ, "ಶೋಭಾ, ಬ್ರೆಡ್ಡಿಂದ ಅಲ್ಲ ಅದು" ಎಂದೆ.

"ಮತ್ತೆ?"

"ಇಂಗು ನಿಲ್ಲಿಸಿದೆ. ಅದರಲ್ಲಿ ಮೈದಾ ಇತ್ತು. ನಿಮ್ಮಮ್ಮಂದು ಏನೂ ಇಲ್ಲ."

ಅವಳು ತನ್ವಿಯ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. "ಯಾವಾಗ ಗೊತ್ತಾಯ್ತು ಅತ್ತೆ?"

"ಎರಡು ತಿಂಗಳಾಯ್ತು."

"ಎರಡು ತಿಂಗಳು" ಎಂದಳು. "ನಮ್ಮಮ್ಮ ದಿನಾ ಫೋನ್ ಮಾಡ್ತಿದ್ರು ಅತ್ತೆ. ನಾನು ಗೊತ್ತಿಲ್ದೆ ಏನು ಕೊಟ್ಟೆನೇ ಮಗೂಗೆ, ನೆನಪಿಸ್ಕೊಂಡು ಹೇಳೇ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಯಾವಾಗಲೂ ಉತ್ತರ ಇರುತ್ತದೆ.

ಮರುದಿನ ಅವಳು ಮಗುವಿನ ಬಟ್ಟೆ ತುಂಬಿಕೊಂಡು ನಾಲ್ಕು ದಿನಕ್ಕೆ ಗಾಜನೂರಿಗೆ ಹೊರಟಳು. ತಪ್ಪಾಯಿತು ಎನ್ನುವ ಮಾತು ನನ್ನ ನಾಲಿಗೆಗೆ ರೂಢಿಯಿಲ್ಲ, ಈ ವಯಸ್ಸಿನಲ್ಲಿ ಕಲಿಯಲೂ ಇಲ್ಲ. ಬೆಳಿಗ್ಗೆಯೇ ಎದ್ದು ಒಂದು ಬ್ರೆಡ್ಡು ಬೇಯಿಸಿ, ಸ್ಟೀಲ್ ಡಬ್ಬಿಗೆ ಹಾಕಿ, ತನ್ವಿಯ ಪುಸ್ತಕದಿಂದ ಒಂದು ಹಾಳೆ ಹರಿದು ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದು ಅಂಟಿಸಿದೆ: ಅಕ್ಕಿಹಿಟ್ಟು, ಇಸಬ್‌ಗೋಲ್, ಈಸ್ಟು, ಎಣ್ಣೆ, ಸಕ್ಕರೆ, ಉಪ್ಪು. ಇಂಗು ಇಲ್ಲ. ಬ್ರೆಡ್ಡಿಗೆ ಇಂಗು ಯಾರು ಹಾಕುತ್ತಾರೆ ಎಂದು ನೀವು ಕೇಳಬಹುದು. ಬೀಗಿತ್ತಿ ಓದಲಿ ಎಂದು ಬರೆದದ್ದು ಅದು. ಓದಿದಳೋ ಇಲ್ಲವೋ ತಿಳಿಯದು. ಡಬ್ಬಿ ಖಾಲಿಯಾಗಿ, ತೊಳೆದು ವಾಪಸು ಬಂತು. ಚೀಟಿ ಅದರ ಮೇಲಿರಲಿಲ್ಲ.

ಈಗ ನನ್ನ ಡಬ್ಬಿಗಳಿಗೆಲ್ಲ ಚೀಟಿ ಇದೆ. ಆದರೂ ನಾನು ಏನೇ ಮಾಡಿ ಬಡಿಸಲು ಬಂದರೂ ಶೋಭಾ ಸೌಟು ತಡೆದು, ಬಹಳ ಮರ್ಯಾದೆಯಿಂದ, "ಅತ್ತೆ, ಇದ್ರಲ್ಲಿ ಏನೇನಿದೆ?" ಎನ್ನುತ್ತಾಳೆ. ನಾನು ಕೈಕಟ್ಟಿ ನಿಂತು ಮೆಣಸು, ಜೀರಿಗೆ, ಕೊತ್ತಂಬರಿ ಎಂದು ಒಪ್ಪಿಸುತ್ತೇನೆ. ಬಾಯಿಪಾಠಕ್ಕೆ ಹೆದರಿ ಶಾಲೆ ಬಿಟ್ಟವಳು ಎಪ್ಪತ್ತು ದಾಟಿದ ಮೇಲೆ ದಿನಕ್ಕೆರಡು ಹೊತ್ತು ಪಾಠ ಒಪ್ಪಿಸುತ್ತಿದ್ದೇನೆ. ಮೇಷ್ಟ್ರು ಕೇಳಿಸಿಕೊಂಡು ತಲೆಯಾಡಿಸುತ್ತಾಳೆ. ಪಾಸು ಮಾತ್ರ ಇನ್ನೂ ಮಾಡಿಲ್ಲ.