ಗಂಡ ಹೆಂಡಿರನ್ನು ಬೇರೆ ಮಾಡಿದ ಕಾಮಾ

ನಾದಿನಿಯ ಮದುವೆಯ ಲಗ್ನಪತ್ರಿಕೆಗಳ ಮೇಲೆ ಕರೆಯಬೇಕಾದವರ ಹೆಸರು ಮುದ್ರಿಸುವ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ. ಕುಶಾಲನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಅಳಿಯನಿರುವಾಗ ಹೆಸರುಗಳನ್ನು ಕೈಯಲ್ಲಿ ಬರೆಯುವುದೇ? ಅವಮಾನ!

ಹೆಂಡತಿ ಸುಮಳಿಗೆ ಅಪ್ಪಣೆ ಕೊಟ್ಟೆ: “ಹೆಸರೆಲ್ಲ ಒಂದೇ ಸಾಲಲ್ಲಿ ಟೈಪ್ ಮಾಡು. ಒಂದು ಪತ್ರಿಕೆಯ ಹೆಸರು ಮುಗಿದ ಕಡೆ ಕಾಮಾ. ಗಂಡ ಹೆಂಡತಿಗೆ ಸೇರಿ ಒಂದೇ ಪತ್ರಿಕೆ ಆದ್ರೆ, ಅವರ ನಡುವಿನ ಕಾಮಾಗೆ ಮುಂಚೆ ಒಂದು ಓರೆಗೆರೆ ಹಾಕು. ಅಲ್ಲಿ ಕತ್ತರಿಸಬಾರದು ಅಂತ ಗುರುತು.”

ಅವಳು ಚಾಚೂ ತಪ್ಪದೆ ‘ಚಂದ್ರಪ್ಪ\, ಮಂಗಳ’ ಎಂದೇ ಹೊಡೆದಳು. ನಾನು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆ. ಅಂದರೆ, ಸಾಲನ್ನು ಎಲ್ಲೆಲ್ಲಿ ತುಂಡರಿಸಬೇಕೆಂದು ಕಂಪ್ಯೂಟರಿಗೆ ಹೇಳುವ ಸೂತ್ರ. ಕಾಮಾ ಕಂಡಲ್ಲೆಲ್ಲ ಕತ್ತರಿಸು ಎಂದೆ. ಓರೆಗೆರೆ ಮರೆತೇ ಹೋಗಿತ್ತು! ಮುದ್ರಿಸಿದ್ದನ್ನು ಓದಿ ನೋಡುವುದು ಅಳುಕಿರುವವರ ಕೆಲಸ. ಲಕೋಟೆಗಳು ಬಸ್ಸು ಹತ್ತಿದವು.

ಕೊಡ್ಲಿಪೇಟೆಯಿಂದ ಸುಮಳ ಚಿಕ್ಕಮ್ಮ ಮಂಗಳ ಫೋನ್ ಮಾಡಿದರು.

“ಅಳಿಯಂದ್ರೇ, ನಮ್ಮ ಯಜಮಾನ್ರಿಗೊಂದು ಪತ್ರಿಕೆ, ನಂಗೊಂದು ಪತ್ರಿಕೆ! ನಾವೇನು ಬೇರೆ ಆಗಿದೀವಾ? ಅಕ್ಕಪಕ್ಕದೋರು ಏನಾಯ್ತು ಅಂತ ಕೇಳ್ತಾವ್ರೆ!”

“ಕಂಪ್ಯೂಟರ್ ತಪ್ಪು, ಅತ್ತೆ” ಎಂದೆ. ಫೋನ್ ಇಟ್ಟು ಕಂಪ್ಯೂಟರಿಗೆ ಬೈದೆ. ಕಾಮಾಗೆ ಬೈದೆ. ಕಾಮಾ ಕಂಡುಹಿಡಿದವನ ವಂಶಕ್ಕೇ ಬೈದೆ. ಆಮೇಲೆ ಸುಮಳತ್ತ ತಿರುಗಿದೆ.

“ನನ್ನ ಮೇಲ್ಯಾಕ್ರೀ ಕಣ್ಣು ಬಿಡ್ತೀರಾ? ನೀವು ಹೇಳಿದ ಕಡೆಯೆಲ್ಲ ಗೆರೆ ಹಾಕಿದೀನಿ!” ಎಂದು ಗುಡುಗಿದಳು.

ಹಲ್ಲು ಕಡಿಯುತ್ತ ಸೂತ್ರ ತಿದ್ದಿದೆ: ಓರೆಗೆರೆಯಲ್ಲದ ಒಂದು ಅಕ್ಷರ, ಅದರ ಬೆನ್ನಿಗೇ ಕಾಮಾ. ಹಾಗಿದ್ದಲ್ಲಿ ಮಾತ್ರ ಕತ್ತರಿಸು. ದಂಪತಿಗಳೆಲ್ಲ ಒಂದಾದರು! ಅಷ್ಟು ನೋಡಿ, ಹೊಸ ಪತ್ರಿಕೆಗಳನ್ನು ಅಂದೇ ರವಾನಿಸಿದೆ.

ಈ ಸಲ ಚಿಕ್ಕಮ್ಮ ಫೋನಿನಲ್ಲಿ ಸಿಡಿದೇಬಿಟ್ಟರು.

“‘ಚಂದ್ರಪ್ಪ, ಮಂಗ’ ಅಂತ ಹಾಕ್ಸಿದೀರಲ್ಲ! ನಡುವೆ ಬೇಲಿ ಥರ ಒಂದು ಗೆರೆ ಬೇರೆ. ಯಾರ್ರೀ ಮಂಗ?”

ಆಗ ತಿಳಿಯಿತು. ಆ ಕಂಪ್ಯೂಟರು ಕತ್ತರಿಸುವಾಗ ಕಾಮಾದ ಜೊತೆಗೆ ಅದರ ಹಿಂದಿನ ಅಕ್ಷರವನ್ನೂ ನುಂಗಿತ್ತು. ‘ಮಂಗಳ’ದ ‘ಳ’ ಮಾಯ! ಹಿಂದಿನ ಅಕ್ಷರವನ್ನು ನೋಡು, ಮುಟ್ಟಬೇಡ ಎಂದು ಬರೆಯುವ ಬಗೆಯೊಂದಿದೆ. ಅದನ್ನು ಕ್ಲಾಸಿನಲ್ಲಿ ಕಲಿಸುವವನು ನಾನೇ!

“ಕೇಳಿಸ್ಲಿಲ್ವಾ? ಯಾರು ಮಂಗ?”

“ನಾನೇ, ಅತ್ತೆ.”

ಸುಮ ಉಳಿದ ಪತ್ರಿಕೆಗಳನ್ನು ಕಸಿದುಕೊಂಡು ಪೆನ್ನಿನಲ್ಲೇ ಬರೆದು ಮುಗಿಸಿದಳು. ಮದುವೆಯಲ್ಲಿ ನನಗೆ ಸಿಕ್ಕಿದ್ದು ಉಪ್ಪು ಬಡಿಸುವ ಕೆಲಸ.

“ಎಲೆಗೊಂದು ಚಿಟಿಕೆ. ಬೇರೆ ಏನೂ ಮುಟ್ಬೇಡಿ” ಎಂದು ಅವಳ ತಾಕೀತು.

ಕೋಪ ನೆತ್ತಿಗೇರಿ, ಕೂತವರ ಎಲೆಗೆಲ್ಲ ಹಿಡಿಹಿಡಿ ಉಪ್ಪು ಸುರಿದೆ. ನಿಜವಾಗಿ ಸುರಿಯಬೇಕಾದ ಎಲೆಯನ್ನು ಇನ್ನೂ ಹಾಕಿರಲಿಲ್ಲ. ಅದು ನನ್ನದೇ; ನನ್ನ ಊಟ ಕೊನೆಯ ಪಂಕ್ತಿಯಲ್ಲಿತ್ತು!